ಒಳಗಿನ ನಂಬರ್, ಹೊರಗಿನ ನಂಬರ್

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಕಾರ್ಕಳದ ಆ ಸಣ್ಣ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ರೋಗಿಗಳ ಫೈಲುಗಳು ತೆರೆಯದಾದವು. ನಮ್ಮ ಮಣಿಪಾಲದ ಕಂಪೆನಿಯ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಲು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. ಉಚ್ಚಿಲದಿಂದ ಬಂದ ವಯಸ್ಸಾದ ಹೆಂಗಸಿಗೆ ಇಂಜೆಕ್ಷನ್ ಕೊಡಬೇಕಿತ್ತು. ಅವರಿಗೆ ಯಾವ ಮದ್ದು ಆಗುವುದಿಲ್ಲ ಎಂಬುದು ತೆರೆಯದ ಫೈಲಿನೊಳಗಿತ್ತು. ಸೂಜಿ ತೋಳಿನ ಹತ್ತಿರ ಬಂದಾಗ, ಮದ್ದಿನ ಹೆಸರು ಕೇಳಿಸಿ ಮಗಳು ಹೊರಗಿನಿಂದ ಓಡಿ ಬಂದು ಕೂಗಿದಳು: "ಸಿಸ್ಟರ್, ಅದು ಬೇಡ! ಕಳೆದ ಸಲ ಅಮ್ಮನಿಗೆ ಅದರಿಂದಲೇ ಉಸಿರು ಕಟ್ಟಿದ್ದು!"

ಆ ಮಗಳು ಚಹಾ ಕುಡಿಯಲು ಹೋಗಿದ್ದರೆ? ಬಸ್ಸಿನಲ್ಲಿ, ಊಟದ ಮಧ್ಯೆ, ಈಗಲೂ ಅದೇ ಯೋಚನೆ.

ನಮ್ಮ ಸಾಫ್ಟ್‌ವೇರ್ ಓಡುವುದು ಕಂಟೇನರಿನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಗೋಡೆ ಹಾಕಿದ ಒಂದು ಕೋಣೆಯಲ್ಲಿ. ಒಬ್ಬನೇ ಬಳಕೆದಾರನಿಗೆ ಕೋಣೆಯೊಳಗೆ ಒಂದು ನಂಬರ್, ಹೊರಗೆ ಇನ್ನೊಂದು. ಕೋಡಿನಲ್ಲಿ 'ಗೆಟ್ ಐಡಿ', 'ಫೈಂಡ್ ಐಡಿ', 'ಮ್ಯಾಪ್ ಐಡಿ' ಎಂಬಂಥ, ಈ ನಂಬರ್ ತಂದುಕೊಡುವ ಫಂಕ್ಷನ್‌ಗಳಿದ್ದವು. ಯಾವುದು ಯಾವ ನಂಬರ್ ಕೊಡುತ್ತದೆಂದು ಹೆಸರಿನಿಂದ ತಿಳಿಯುತ್ತಿರಲಿಲ್ಲ. ಅವನ್ನು ಬರೆದ ಸೀನಿಯರ್ ತಾವೇ ಹೊಸ ಆವೃತ್ತಿಯಲ್ಲಿ ಹೊರಗಿನ ನಂಬರ್ ಬೇಕಾದಲ್ಲಿ 'ಗೆಟ್ ಐಡಿ' ಬಳಸಿ ಒಳಗಿನದನ್ನು ಕೊಟ್ಟಿದ್ದರು. ನಂಬರ್ ಹೊಂದದೆ ಫೈಲುಗಳನ್ನು ಓದುವ ಅನುಮತಿ ತಪ್ಪಿಹೋಯಿತು.

ಹೆಸರು ಬದಲಿಸೋಣವೆಂದು ನಾನು ಮೊದಲೇ ಹೇಳಿದ್ದೆ. "ಎಂತ ಮಾರಾಯ್ತಿ, ಫಂಕ್ಷನ್‌ಗೂ ತೊಟ್ಟಿಲು ಕಟ್ಟಿ ನಾಮಕರಣ ಮಾಡ್ಲಿಕ್ಕುಂಟಾ?" ಎಂದು ಸೀನಿಯರ್ ಇಡೀ ಆಫೀಸನ್ನು ನಗಿಸಿದ್ದರು. ಕಾರ್ಕಳದ ಘಟನೆಯ ಮರುದಿನ ಮೀಟಿಂಗಿನಲ್ಲಿ ಅವರೇ, "ಹಾಕಿದವರು ನೋಡಿ ಹಾಕಬೇಕಿತ್ತು" ಎಂದರು. ಎಲ್ಲರೂ ನನ್ನನ್ನು ನೋಡಿದರು.

ಪ್ರತಿ ಬದಲಾವಣೆಯನ್ನೂ ಆ ಕೋಡನ್ನು ಮೊದಲು ಬರೆದವರೇ ಓದಿ ಒಪ್ಪಬೇಕೆಂಬುದು ನಮ್ಮಲ್ಲಿಯ ಕ್ರಮ. ಹೆಸರುಗಳನ್ನೆಲ್ಲ ಒಟ್ಟಿಗೆ ಬದಲಿಸಿ ಕಳಿಸಬಹುದಿತ್ತು. ನಾನು ದಿನಕ್ಕೊಂದು ಕಳಿಸಿದೆ. ಪ್ರತಿಯೊಂದರ ಕೆಳಗೂ ಕಾರಣ ಬರೆದೆ: ಆ ಹೆಂಗಸು, ಆ ಸೂಜಿ, ಆ ಮಗಳ ಕೂಗು.

"ಒಟ್ಟಿಗೆ ಕಳಿಸಿದ್ರೆ ಆಗುವುದಿಲ್ವಾ?" ಎಂದು ಸೀನಿಯರ್ ಕೇಳಿದರು.

"ನಿಮಗೆ ಓದ್ಲಿಕ್ಕೆ ಸುಲಭ ಆಗ್ಲಿ ಅಂತ, ಸರ್."

"ಸಾಕು ಮಾರಾಯ್ತಿ. ಅದನ್ನೇ ಎಷ್ಟು ಸಲ ಓದುವುದು?"

"ನನಗೆ ದಿನಾ ಕಾಣ್ತದೆ, ಸರ್."

'ಗೆಟ್ ಐಡಿ'ಯನ್ನು ಬೇಕೆಂದೇ ಕೊನೆಗಿಟ್ಟಿದ್ದೆ. ಹೊಸ ಹೆಸರು 'ಗೆಟ್ ಕಂಟೇನರ್ ಐಡಿ'. ಕಾರಣದಲ್ಲಿ, ಅದನ್ನು ತಪ್ಪಾಗಿ ಬಳಸಿದವರು ಯಾರು ಎಂಬಲ್ಲಿ ಜಾಗ ಖಾಲಿ ಬಿಟ್ಟೆ. ಅವರು ಒಪ್ಪಲಿಲ್ಲ. ನಾನೂ ನೆನಪಿಸಲಿಲ್ಲ. ಅದು ಒಪ್ಪಿಗೆಯಾಗದೆ ಮುಂದಿನ ಕೆಲಸ ನಿಂತಿತು, ತಂಡದವರೆಲ್ಲ ಅವರನ್ನೇ ಕೇಳತೊಡಗಿದರು. ಶುಕ್ರವಾರ ಸಂಜೆ, ಎಲ್ಲರಿಗೂ ಕಾಣುವಂತೆ, ಸೀನಿಯರ್ ಆ ಜಾಗದಲ್ಲಿ ತಮ್ಮ ಹೆಸರು ತುಂಬಿ ಒಪ್ಪಿಗೆ ಕೊಟ್ಟರು.

ನನಗೆ ಪಾಪ ಅನ್ನಿಸಲಿಲ್ಲ. ಪರ್ಕಳದ ಬಾಡಿಗೆ ಕೋಣೆಗೆ ಬಂದು ಮಲಗಿದೆ. ಎಚ್ಚರವಾದಾಗ ಶನಿವಾರ, ಬಿಸಿಲು ಹಾಸಿಗೆಯವರೆಗೆ ಬಂದಿತ್ತು.