ದಫೇದಾರರ ಗಂಡಭೇರುಂಡ

ಕುದುರೆ ಸತ್ತು ಎಷ್ಟೋ ವರ್ಷವಾಗಿದ್ದರೂ ದಫೇದಾರರ ಕಾಲುಗಳಿಗೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನೆಟ್ಟಗೆ ನಿಂತರೆ ಎರಡು ಮಂಡಿಗಳ ನಡುವೆ ಒಂದು ಕುಂಬಳಕಾಯಿ ಸಲೀಸಾಗಿ ಉರುಳಿಹೋಗುವಷ್ಟು ಸಂದು. ವೈದ್ಯನಾಥಪುರದ ಕಡೆಯಿಂದ ಹೊಳೆಯ ಮರಳಲ್ಲಿ ಅವರು ನಡೆದು ಬಂದರೆ ಯಾವನೋ ಕಾಣದ ಕುದುರೆಯ ಮೇಲೆ ಕೂತು ಬರುತ್ತಿದ್ದಾನೆ ಅನ್ನಿಸುತ್ತಿತ್ತು.

ಜರ್ಮನ್ ಯುದ್ಧದಲ್ಲಿ ಅವರು ಮೈಸೂರಿನ ಕುದುರೆ ದಂಡಿನ ಜೊತೆ, ಅದರ ದಫೇದಾರರಾಗಿ, ಕಡಲಾಚೆ ಹೋಗಿದ್ದರು. ಗುಂಡು ಸುರಿಯುತ್ತಿದ್ದ ಗುಡ್ಡಕ್ಕೆ ಈಟಿ ಹಿಡಿದು ನುಗ್ಗಿ, ಕುದುರೆಯನ್ನು ಅಲ್ಲೇ ಕಳೆದುಕೊಂಡು, ಗಂಡಭೇರುಂಡದ ಪದಕ ಗಳಿಸಿದ್ದರು. ಶೌರ್ಯಕ್ಕೂ ರಾಜನಿಷ್ಠೆಗೂ ಸಂಸ್ಥಾನ ಕೊಡುವ ಮರ್ಯಾದೆಗಳಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ಮಹಾಸ್ವಾಮಿಯವರೇ ಕೈಯಾರೆ ಎದೆಗೆ ಚುಚ್ಚಿದ್ದು. ಅವರ ಹುಟ್ಟುಹಬ್ಬ, ವರ್ಧಂತಿಯ ದಿನ ಅದನ್ನು ವಿಭೂತಿಯಲ್ಲಿ ಉಜ್ಜಿ ಧರಿಸಿ ಮಳವಳ್ಳಿಗೆ ಹೋದರೆ ತಾಲೂಕಿನ ದೊರೆ ಅಮಲ್ದಾರರ ಪಕ್ಕದಲ್ಲೇ ಕುರ್ಚಿ. ಆ ಕಾಲುಗಳಿಗೆ ಕುರ್ಚಿ ಒಗ್ಗುತ್ತಿರಲಿಲ್ಲ, ಅದು ಬೇರೆ ಮಾತು. ಅವರಿಗೆ ಒಂದು ಕಟ್ಟುಪಾಡಿತ್ತು: "ಇದ್ನ ಆಕ್ಕೊಂಡು ಯಾರ್ತಾವೂ ಏನೂ ಕೇಳ್ಬಾರ್ದು ಕಣ್ಲಾ. ಕೇಳಿದ್ರೆ ಇದು ಬರೀ ತಗಡು."

ನಾನು ಊರಿನ ಕೋಡಂಗಿ. ಪರೀಕ್ಷೆಯಲ್ಲಿ ಫೇಲಾದದ್ದನ್ನು ಮೇಷ್ಟರ ದನಿಯಲ್ಲೇ ಓದಿ ಹೇಳಿ, ಹೊಡೆಯಲು ಕೈಯೆತ್ತಿದ್ದ ಅಪ್ಪನನ್ನು ನಗಿಸಿದವನು. ಬೇರೆ ಯಾವ ಕೆಲಸಕ್ಕೂ ಬಾರದ ನನಗೆ ಇದೊಂದು ಬರುತ್ತಿತ್ತು. ಒಮ್ಮೆ ದಫೇದಾರರ ಹಿಂದೆ ಅವರ ಹಾಗೆಯೇ ಕಾಲಗಲಿಸಿ ನಡೆಯುತ್ತಿದ್ದೆ. ತಟ್ಟನೆ ತಿರುಗಿದರು. ಬೆನ್ನಿಗೆ ಬಿತ್ತು ಅಂದುಕೊಂಡೆ.

"ತೂ, ಮಂಡಿ ಮಡುಸ್ಬ್ಯಾಡ ಕಣ್ಲಾ! ಭಾರ ಇಮ್ಮಡೀಗ್ ಬುಡು. ಮನ್ಸನ್ನ ಇಡೀಬೇಕಂದ್ರೆ ಮೊದ್ಲು ಅವನ್ ನಡ್ಗೆ ಇಡಿ, ಮಾತು ತಾನಾಗ್ ಬತ್ತದೆ."

ನನ್ನ ಹುಚ್ಚಾಟಕ್ಕೆ ಪಾಠ ಹೇಳಿದವರು ಅವರೊಬ್ಬರೇ. ಉಳಿದವರೆಲ್ಲ ಚಪ್ಪಾಳೆ ತಟ್ಟಿದರು, ಇಲ್ಲವೇ ಚಪ್ಪಲಿ ಎತ್ತಿದರು.

ಆ ವರ್ಷ ಮೂರು ಬಣ್ಣದ ಬಾವುಟ ಹಾರಿಸಕೂಡದೆಂದು ಸರ್ಕಾರದ ಆಜ್ಞೆಯಾಗಿತ್ತು. ದಫೇದಾರರ ಒಬ್ಬನೇ ಮಗ ಗೆಳೆಯರನ್ನು ಕಟ್ಟಿಕೊಂಡು ಊರಮುಂದಿನ ಬಯಲಲ್ಲಿ ಕಂಬ ನೆಡಲು ಹೊರಟ. ಜಗುಲಿಯ ಮೇಲೆ ಅಪ್ಪ ಮಗನಿಗೆ ಹತ್ತಿಕೊಂಡಿತು.

"ನಾನ್ ಯಾರ್ ಉಪ್ ತಿಂದಿವ್ನಿ ಗೊತ್ತೇನ್ಲಾ?"

"ನೀನ್ ತಿಂದಿದ್ದೀಯೆ ಕಣಪ್ಪ. ನಾನ್ ತಿಂದಿರಾದು ಅವ್ವ ಗೇದ ರಾಗಿಯ."

ಕಂಬ ನೆಟ್ಟರು. ಬಾವುಟ ಹಾರಿತು. ಪೋಲೀಸರು ಹುಡುಗನ ತಲೆಯೊಡೆದು ಮಳವಳ್ಳಿಯ ಲಾಕಪ್ಪಿಗೆ ಹಾಕಿದರು. ಬಾವುಟ ಇಳಿಸಲು ಬಿಡದೆ ಊರಿನ ಹೆಂಗಸರು ಕಂಬದ ಸುತ್ತ ಕೂತುಬಿಟ್ಟರು. ಹುಡುಗನಿಗೆ ಜ್ವರ ಏರಿದೆ ಎಂಬ ಸುದ್ದಿ ಬಂದಾಗ ದಫೇದಾರರ ಹೆಂಡತಿ ಗಂಡನ ಎದುರು ನಿಂತರು.

"ಎದೆ ಮ್ಯಾಲೆ ಎಲ್ಡು ತಲೆ ಅಕ್ಕಿ ಕೂರುಸ್ಕೊಂಡಿದ್ದೀಯಲ್ಲ, ಒಂದ್ ತಲೇಲಾದ್ರೂ ಮಗನ್ನ ಬುಡಿ ಅಂತ ಕೇಳಕ್ಕಾಗಕಿಲ್ವಾ?"

ಸಂಜೆ ದಫೇದಾರರು ನನ್ನನ್ನು ಹಿತ್ತಲಿಗೆ ಕರೆದರು. "ಲೇ, ನೀನು ಅಮಲ್ದಾರ್ನಾಗು. ನಾನ್ ಕೇಳ್ತೀನಿ. ನಂಗೆ ಕೇಳಿ ಅಬ್ಯಾಸಿಲ್ಲ."

ಅಮಲ್ದಾರರು ನನಗೆ ಬಾಯಿಪಾಠ. ಒರಳಿನ ಮೇಲೆ ಕೂತು, ಇಲ್ಲದ ಪೇಟ ಸರಿಮಾಡಿ, ಗಂಟಲು ಕೆರೆದೆ. "ಏನು ದಫೇದಾರರೆ, ಸಮಾಚಾರ?"

ಸಲಾಮು ಹೊಡೆದರು. "ಬುದ್ಧಿ... ನಮ್ಮ ಐದ... ನನ್ ಮಗ..." ಅಲ್ಲಿಗೇ ನಿಂತಿತು. ನೋಡಲಾಗದೆ, "ಬಿಟ್ಟಿದ್ದೇನೆ, ಕರೆದುಕೊಂಡು ಹೋಗಿ" ಅಂದುಬಿಟ್ಟೆ.

"ಇಷ್ಟ್ ಸಲೀಸಾಗ್ ಬುಟ್ರೆ ಅವ್ನು ಅಮಲ್ದಾರ್ನೇನ್ಲಾ? ಸತಾಯ್ಸು!"

ಸತಾಯಿಸಿದೆ. ಕಾನೂನು ಅಂದೆ, ಹುಕುಂ ಅಂದೆ. ಗಂಡಭೇರುಂಡದ ದಫೇದಾರರು ನನ್ನಂಥ ಪಡಪೋಸಿಯ ಮುಂದೆ ಕೈಮುಗಿದು ಬೇಡಲು ಕಲಿತರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನಗಲಿಲ್ಲ.

ಮಾರನೆಯ ದಿನ ಜೊತೆಗೆ ನಾನೂ ಹೋದೆ. ಅಮಲ್ದಾರರು ಎದ್ದು ನಿಂತರು! ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ದಫೇದಾರರು ಕಲಿತದ್ದನ್ನು ತಪ್ಪಿಲ್ಲದೆ ಒಪ್ಪಿಸಿದರು. ಅಮಲ್ದಾರರೇನೂ ಸತಾಯಿಸಲಿಲ್ಲ.

"ಈವತ್ತೇ ಬಿಡುತ್ತೇನೆ. ಪೋಲೀಸರು ಆ ಬಾವುಟಕ್ಕೆ ಕೈಹಾಕಿದರೆ ಗಲಾಟೆಯಾಗುತ್ತೆ. ತಾವು ಪದಕ ಧರಿಸಿ ತಮ್ಮ ಕೈಯಿಂದ ಇಳಿಸಿಕೊಡಿ. ತಮ್ಮ ಮುಂದೆ ಯಾರೂ ಉಸಿರೆತ್ತಲ್ಲ. ರಾಜಸೇವೆಯೂ ಆಯಿತು, ಮಗನೂ ಮನೆಗೆ ಬಂದ."

ಇದನ್ನು ನಾನು ಹಿತ್ತಲಲ್ಲಿ ಹೇಳಿಕೊಟ್ಟಿರಲಿಲ್ಲ. ಅಮಲ್ದಾರರು ನನ್ನ ಅಂಗೈಯಲ್ಲಿದ್ದಾರೆ ಅಂತ ಬೀಗುತ್ತಿದ್ದೆ. ನನಗೆ ಸಿಕ್ಕಿದ್ದು ಅವರ ಕೆಮ್ಮು ಮಾತ್ರ.

ಬಾವುಟ ಇಳಿಸಿದರು. ಹೆಂಗಸರು ಆ ಪದಕ ನೋಡಿ ಎದ್ದು ದಾರಿಬಿಟ್ಟರು. ದಫೇದಾರರು ಮೊದಲು ಬಾವುಟಕ್ಕೆ ಸಲಾಮು ಹೊಡೆದರು. ಆಮೇಲೆ ಹಗ್ಗ ಬಿಚ್ಚಿ, ನೆಲಕ್ಕೆ ತಾಗಗೊಡದೆ, ದಂಡಿನಲ್ಲಿ ಮಡಿಸುವ ಹಾಗೆ ಮಡಿಸಿ ಪೋಲೀಸರ ಕೈಗಿತ್ತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಲೆಗೆ ಬಟ್ಟೆ ಸುತ್ತಿಕೊಂಡು ಮಗ ಸಂಜೆಯ ಗಾಡಿಯಲ್ಲಿ ಬಂದ. ಬಯಲು ದಾಟುವಾಗಲೇ ಬರಿಗಂಬ ಕಂಡಿದ್ದ. ಅವ್ವ ಕೊಟ್ಟ ನೀರು ಮುಟ್ಟದೆ, "ನನ್ ಯಾಕಪ್ಪ ಬುಡಿಸ್ದೆ?" ಅಂದ. ಬೆಳಗಾದ ಮೇಲೆ ಹುಡುಗ ಅದೇ ಕಂಬಕ್ಕೆ ಇನ್ನೊಂದು ಬಾವುಟ ಏರಿಸಿದ. ಈ ಸಲ ಮೈಸೂರು ಜೈಲು, ಕಠಿಣ ಶಿಕ್ಷೆ.

ಆಮೇಲೆ ದಫೇದಾರರು ಪದಕ ಧರಿಸಲಿಲ್ಲ. ವರ್ಧಂತಿಗೆ ಕರೆ ಬಂದರೆ ಮೈಗೆ ಹುಷಾರಿಲ್ಲ ಅಂದರು, ಕಡೆಗೆ ನಿಜವಾಗಿಯೂ ಹುಷಾರಿಲ್ಲದಾಯಿತು. ಮಗ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು.

ಸಂಸ್ಥಾನ ಮರ್ಯಾದೆಯಲ್ಲಿ ಕಡಿಮೆ ಮಾಡಲಿಲ್ಲ. ಅಮಲ್ದಾರರು ಖುದ್ದಾಗಿ ರೇಷ್ಮೆ ವಸ್ತ್ರ ಹೊದಿಸಿದರು. ಇಬ್ಬರು ಸಿಪಾಯಿಗಳು, ಒಬ್ಬ ಬ್ಯೂಗಲಿನವನು. ಕಪ್ಪಗಾಗಿದ್ದ ಪದಕವನ್ನು ಜವಾನ ತೋಳಿಗೆ ಉಜ್ಜಿ ಹೆಣದ ಎದೆಯ ಮೇಲಿಟ್ಟ. ಗುಣಿಗೆ ಇಳಿಸುವ ಮೊದಲು ಎತ್ತಿಟ್ಟುಕೊಂಡ. ಆಗ ದಫೇದಾರರ ಹೆಂಡತಿ ಮುಂದೆ ಬಂದರು.

"ಮಗನ್ನ ಕಳ್ಸಿ ಬುದ್ಧಿ. ಮೊದಲ್ನೆ ಮಣ್ಣು ಅವ್ನು ಆಕ್ಬೇಕು."

"ಅದಕ್ಕೆ ಮೇಲಿನಿಂದ ಹುಕುಂ ಆಗಬೇಕಮ್ಮ."

"ಈ ಊದೋನ್ಗೆ ಹುಕುಂ ಆಗದಾ?"

"ಆಗಿದೆ."

"ಎಲ್ಲಿಂದ ಬಂದ?"

"ಮೈಸೂರಿನಿಂದ."

"ನನ್ ಮಗ್ನೂ ಅಲ್ಲೇ ಅವ್ನೆ ಬುದ್ಧಿ. ಇವ್ನ್ ಬಂದ್ ಗಾಡೀಲೆ ಒಂದಿಷ್ಟ್ ಜಾಗ ಇರ್ನಿಲ್ವಾ?"

ಆ ತಾಯಿ ಬಗ್ಗಿ, ತಾವೇ ಮೊದಲ ಹಿಡಿ ಮಣ್ಣು ಹಾಕಿದರು. ಬ್ಯೂಗಲಿನವನು ಊದಿದ. ಚೆನ್ನಾಗಿಯೇ ಊದಿದ.