ತಾಮ್ರದ ಗುಂಡು, ಗೌರಮ್ಮನವರ ಕಾಡಿಗೆ

ಶನಿವಾರ ಬೆಳಗ್ಗೆ ಕೋವಿ ಅಂಗಡಿಯ ಕೌಂಟರಿನ ಮುಂದೆ ನಿಂತಿದ್ದೆ. ಅಂಗಡಿಯವನು ಎರಡು ಡಬ್ಬಿಗಳಿಂದ ಒಂದೊಂದು ಗುಂಡು ತೆಗೆದು ಗಾಜಿನ ಮೇಲೆ ನಿಲ್ಲಿಸಿದ. ನೋಡುವುದಕ್ಕೆ ಎರಡೂ ತಾಮ್ರವೇ, ಎರಡಕ್ಕೂ ಅದೇ ಹೊಳಪು. ಆದರೆ ಒಂದಕ್ಕೆ ತಾಮ್ರ ಬರೀ ಮೇಲಿನ ಸಿಪ್ಪೆ, ಒಳಗೆಲ್ಲ ಸೀಸ. ಇನ್ನೊಂದು ಒಳಗೂ ಹೊರಗೂ ತಾಮ್ರ. ನಾನು ಎರಡನೆಯದನ್ನು ಮುಟ್ಟಿ ತೋರಿಸಿದೆ. ಯಾಕೆ ಅದೇ ಬೇಕು ಎಂದು ಅವನು ಕೇಳಿದ. ವ್ಯಾಪಾರದ ಮಾತು, ಕೆಟ್ಟ ಉದ್ದೇಶವೇನಿಲ್ಲ. ಪ್ರತಿವರ್ಷ ನವೆಂಬರಿನಲ್ಲಿ, ಬೇಟೆಯ ಕಾಲ ಬಂದಾಗ, ಈ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ, ನಾನು ಮಾಂಸಕ್ಕೆ ಒಳ್ಳೆಯದಂತೆ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಈ ಸಲ ಆ ಮಾತು ಬಾಯಿಗೆ ಬರಲಿಲ್ಲ. ಸುಸ್ತಾಗಿಬಿಟ್ಟಿತ್ತು.

ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ, ನಾನು ಕೊಡಗಿನವನಲ್ಲ. ಬೇಟೆಯಾಡುತ್ತೇನೆ ಎಂದ ತಕ್ಷಣ ಎಲ್ಲರೂ ‘ಓ, ಕೂರ್ಗಾ?’ ಎನ್ನುತ್ತಾರೆ. ನಾನು ಕೆ.ಆರ್. ನಗರದವನು. ಊರಿನಲ್ಲಿದ್ದಾಗ ನಾನು ಕೈಯಲ್ಲಿ ಹಿಡಿದದ್ದು ಮೈಸೂರಿನ ದಸರಾ ವಸ್ತುಪ್ರದರ್ಶನದ ಬಲೂನು ಹೊಡೆಯುವ ಕೋವಿ ಮಾತ್ರ, ಅದರಲ್ಲೂ ಬಲೂನಿಗಿಂತ ಹಿಂದಿನ ಪರದೆಗೆ ಬಿದ್ದದ್ದೇ ಹೆಚ್ಚು. ಆಮೇಲೆ ಇಪ್ಪತ್ತೈದು ವರ್ಷ ಅಮೆರಿಕದ ಫೇರ್‌ಫ್ಯಾಕ್ಸಿನಲ್ಲಿ ಸರ್ಕಾರಿ ಕಾಂಟ್ರ್ಯಾಕ್ಟಿನ ಕೆಲಸ ಮಾಡಿಕೊಂಡು, ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಅರ್ಧ ಆಯಸ್ಸು ಕಳೆದುಕೊಂಡು, ಸಾಧು ಪ್ರಾಣಿಯಾಗಿಯೇ ಇದ್ದೆ. ಕೊರೊನಾದ ವರ್ಷ ಮನೆಯಲ್ಲಿ ಕೂತು ತಲೆ ಕೆಟ್ಟುಹೋಗಿತ್ತು. ಹಿತ್ತಲಿಗೆ ದಿನಾ ನಾಲ್ಕು ಜಿಂಕೆ ಬಂದು ನನ್ನ ಹೆಂಡತಿ ಬೆಳೆದ ದಂಟಿನ ಸೊಪ್ಪನ್ನೆಲ್ಲ ನುಣ್ಣಗೆ ಮೇಯ್ದು ಹೋಗುತ್ತಿದ್ದವು. ಅದನ್ನು ಆಫೀಸಿನ ಗೆಳೆಯ ಹ್ಯಾಂಕ್‌ಗೆ ಹೇಳಿದೆ. ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದಲ್ಲಿ ಅವನ ಜಮೀನಿದೆ. ಬಾ, ಕಲಿಸುತ್ತೇನೆ ಎಂದ. ನಾನು ಕೋರ್ಸು ಮಾಡಿ, ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡೆ.

ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲಿನಲ್ಲಿ ನಿಂತಿದ್ದಾಗ ಪರಿಚಯದ ಹೆಂಗಸೊಬ್ಬರು, “ಜಿಂಕೆ ಹೊಡೀತಾರಂತಲ್ಲ, ಅದು ನೀವೇನಾ?” ಎಂದು ಕೇಳಿ ಒಂದು ಹೆಜ್ಜೆ ಆಚೆಗೆ ಸರಿದು ನಿಂತರು. ನನಗೆ ಒಳಗೊಳಗೇ ಹೆಮ್ಮೆ. ಐವತ್ತು ದಾಟಿದ ಮೇಲೆ ಯಾರಾದರೂ ನನಗೆ ಹೆದರಿ ಸರಿದದ್ದು ಅದೇ ಮೊದಲು.

ಆ ಕಾಲದಲ್ಲಿ ಅಂಗಡಿಗಳಲ್ಲಿ ಗುಂಡೇ ಸಿಗುತ್ತಿರಲಿಲ್ಲ. ಜನ ಟಾಯ್ಲೆಟ್ ಪೇಪರಿನ ಹಾಗೆ ಅದನ್ನೂ ಬಾಚಿಕೊಂಡು ಹೋಗಿದ್ದರು. ನನಗೆ ಸಿಕ್ಕಿದ್ದು ಸೀಸದ ಮೂತಿಯ ಸಾಮಾನ್ಯ ಗುಂಡುಗಳ ಎರಡು ಡಬ್ಬಿ. ಯಾವುದು ಏನು ಎಂದು ಆರಿಸುವ ತಿಳಿವಳಿಕೆಯೂ ಇರಲಿಲ್ಲ. ಎರಡನೆಯ ವರ್ಷದ ಸೀಸನ್ನಿನಲ್ಲಿ ಎರಡು ಜಿಂಕೆ ಬಿದ್ದವು. ಗಾಯದ ಸುತ್ತ ಅಂಗೈಯಗಲ ಕತ್ತರಿಸಿ ನಾಯಿಗೆ ಹಾಕಿದರೆ ಸಾಕು ಎಂದು ಹ್ಯಾಂಕ್ ಕಲಿಸಿದ್ದ. ಉಳಿದ ಭುಜದ ಮಾಂಸವನ್ನು ರುಬ್ಬಿ ಕೈಮಾ ಮಾಡಿ, ಚೀಲಗಳಲ್ಲಿ ತುಂಬಿ, ಮೇಲೆ ತಾರೀಖು ಬರೆದು, ನಾನು ಕಂಡವರಿಗೆಲ್ಲ ಹಂಚಿದೆ.

ಹೆಚ್ಚು ಪಾಲು ಹೋದದ್ದು ಮಂಜುವಿನ ಮನೆಗೆ. ಮಂಜು ನನಗಿಂತ ಹದಿನೈದು ವರ್ಷ ಚಿಕ್ಕವನು. ಎರಡು ರಸ್ತೆ ಆಚೆ ಹಳೆಯ ಮನೆಯೊಂದನ್ನು ಕೊಂಡಿದ್ದ. ಅವನ ಹೆಂಡತಿ ಶ್ವೇತಾ, ಎರಡು ವರ್ಷದ ಮಗಳು ಇಂಚರ. ಆ ಚಳಿಗಾಲ ಹಾಸನದಿಂದ ಅವನ ತಾಯಿ ಗೌರಮ್ಮನವರು ಆರು ತಿಂಗಳಿಗೆಂದು ಬಂದಿದ್ದರು. ಗೌರಮ್ಮನವರು ನಾನು ಕೊಟ್ಟ ಕೈಮಾವನ್ನು ಮೂಸಿ ನೋಡಿ, “ಕಾಡು ಮಾಂಸ ಕಣಪ್ಪಾ, ಇದಕ್ಕೆ ಚಕ್ಕೆ ಲವಂಗ ಒಂದು ಕೈ ಮುಂದಿರ್ಬೇಕು” ಎಂದು ಕೈಮಾ ಉಂಡೆ ಸಾರು ಮಾಡಿದರು. ಅಂಥ ಸಾರನ್ನು ನಾನು ನಮ್ಮಮ್ಮ ಹೋದ ಮೇಲೆ ಉಂಡಿರಲಿಲ್ಲ. ಒಂದು ಉಂಡೆಯನ್ನು ಬೆರಳಲ್ಲಿ ಹಿಸುಕಿ ಅನ್ನಕ್ಕೆ ಕಲಸಿ ಮಗುವಿಗೆ ತಿನ್ನಿಸುತ್ತಿದ್ದರು. ಮಗು ಅವರ ಕೈಯಲ್ಲಿ ಬಿಟ್ಟರೆ ಬೇರೆಯವರ ಕೈಯಲ್ಲಿ ಉಣ್ಣುತ್ತಿರಲಿಲ್ಲ.

ಎರಡು ವರ್ಷದ ಚೆಕಪ್ಪಿನಲ್ಲಿ ಮಗುವಿನ ರಕ್ತದಲ್ಲಿ ಸೀಸ ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದು ಬಂತು. ಬೆರಳು ಚುಚ್ಚಿದ್ದು ಸಾಲದೆ ತೋಳಿನಿಂದ ರಕ್ತ ತೆಗೆದು ಮತ್ತೆ ನೋಡಿದರು. ಅದೇ ಬಂತು. ಮಕ್ಕಳ ಮಿದುಳಿಗೆ ಸೀಸ ಒಳ್ಳೆಯದಲ್ಲ ಎಂದು ಡಾಕ್ಟರು ಮೆಲ್ಲಗೇ ಹೇಳಿದರಂತೆ, ಆದರೆ ಶ್ವೇತಾ ಕಾರಿನಲ್ಲಿ ಕೂತು ಅತ್ತಳಂತೆ. ಕೌಂಟಿಯ ಆರೋಗ್ಯ ಇಲಾಖೆಯಿಂದ ಒಬ್ಬಾಕೆ ಫೋನ್ ಮಾಡಿ ಒಂದು ಉದ್ದದ ಪಟ್ಟಿ ಹಿಡಿದು ಪ್ರಶ್ನೆ ಕೇಳಿದಳು. ಹಳೆಯ ಬಣ್ಣ ಉದುರುತ್ತಿದೆಯೆ, ನಲ್ಲಿ ಹಳೆಯದೆ, ಭಾರತದಿಂದ ತಂದ ಅರಿಸಿನ ಉಂಟೆ, ಕುಂಕುಮ ಉಂಟೆ, ಹಿತ್ತಾಳೆ ಪಾತ್ರೆ ಉಂಟೆ, ಮಗುವಿನ ಕಣ್ಣಿಗೆ ಕಪ್ಪು ಹಚ್ಚುತ್ತೀರಾ. ಮನೆಯಲ್ಲಿ ಯಾರಾದರೂ ಬೇಟೆಯಾಡುತ್ತಾರೆಯೆ ಎಂಬುದೂ ಆ ಪಟ್ಟಿಯಲ್ಲಿತ್ತಂತೆ. ಮನೆಯಲ್ಲಿ ಯಾರೂ ಆಡುವುದಿಲ್ಲವಲ್ಲ, ಶ್ವೇತಾ ಇಲ್ಲ ಎಂದಳು.

ಉಳಿದ ಎಲ್ಲ ಬೆರಳುಗಳೂ ಗೌರಮ್ಮನವರ ಕಡೆಗೆ ತಿರುಗಿದವು. ಅವರು ಸೂಟ್‌ಕೇಸಿನಲ್ಲಿ ಸೀರೆ ಸುತ್ತಿ ತಂದಿದ್ದ ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ, ಹರಳೆಣ್ಣೆ ದೀಪದಲ್ಲಿ ತಾವೇ ಹಿಡಿದ ಕಾಡಿಗೆಯ ಪುಟ್ಟ ಡಬ್ಬಿ, ಮಿಲ್ಲಿನಲ್ಲಿ ಪುಡಿ ಮಾಡಿಸಿದ ಅರಿಸಿನ, ದೇವರ ಮುಂದಿನ ಕುಂಕುಮ, ಎಲ್ಲವೂ ಒಂದು ರಟ್ಟಿನ ಪೆಟ್ಟಿಗೆ ಸೇರಿ ಗ್ಯಾರೇಜಿಗೆ ಹೋದವು. ಆ ದಿನ ನಾನು ಅಲ್ಲಿದ್ದೆ. ಪೆಟ್ಟಿಗೆ ಎತ್ತಲು ಮಂಜುವಿಗೆ ಒಂದು ಕೈ ಕೊಟ್ಟವನೂ ನಾನೇ.

“ಆರು ಮಕ್ಕಳಿಗೆ ಕಾಡಿಗೆ ಹಚ್ಚಿದೀನಿ ಕಣೋ ಈ ಕೈಯಲ್ಲಿ” ಎಂದರು ಗೌರಮ್ಮನವರು.

“ಅಮ್ಮಾ, ನಿಮ್ದೇ ತಪ್ಪು ಅಂತ ಯಾರೂ ಹೇಳ್ತಿಲ್ಲ. ಜಸ್ಟ್ ರೂಲ್ ಔಟ್ ಮಾಡ್ತಿದೀವಿ ಅಷ್ಟೆ” ಎಂದ ಮಂಜು.

ಅವರಿಗೆ ಆ ಇಂಗ್ಲಿಷ್ ಅರ್ಥವಾಗಲಿಲ್ಲ. ಆದರೆ ಪೆಟ್ಟಿಗೆಗೆ ಟೇಪು ಹಚ್ಚಿದ್ದು ಅರ್ಥವಾಯಿತು. ಆಮೇಲೆ ಅವರು ಮಗುವನ್ನು ಎತ್ತಿಕೊಳ್ಳುವ ಮೊದಲು ಸಿಂಕಿನಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯತೊಡಗಿದರು. ಒಂದು ಸಲವಲ್ಲ, ಪ್ರತಿ ಸಲ. ಮಗು ಕೈಚಾಚಿ ನಿಂತಿರುತ್ತಿತ್ತು, ಅವರು ತೊಳೆಯುತ್ತಲೇ ಇರುತ್ತಿದ್ದರು. ನೋಡುವವರಿಗೆ ಸಂಕಟವಾಗುತ್ತಿತ್ತು.

ಈಗ ನನ್ನ ಘನಕಾರ್ಯ ಕೇಳಿ. ಕಬ್ಬಿಣದ ಅಂಶ ಚೆನ್ನಾಗಿದ್ದರೆ ದೇಹ ಸೀಸವನ್ನು ಕಡಿಮೆ ಹೀರುತ್ತದಂತೆ. ಮಂಜು ಫೋನ್ ಮಾಡಿ, “ಅಣ್ಣ, ಐರನ್ ಜಾಸ್ತಿ ಇರೋ ಫುಡ್ ಕೊಡಿ ಅಂದಿದಾರೆ ಡಾಕ್ಟ್ರು. ಪಾಲಕ್ ಮುಟ್ಟಲ್ಲ ಇವ್ಳು, ಏನ್ ಮಾಡೋದು?” ಎಂದ.

“ಐರನ್ನಾ? ಅದಕ್ಯಾಕೋ ಯೋಚ್ನೆ? ನನ್ನ ಫ್ರೀಜರ್ ತುಂಬಾ ಐರನ್ನೇ ಇದೆ” ಎಂದೆ.

ಅವತ್ತೇ ಎಂಟು ಚೀಲ ಕೈಮಾ ತೆಗೆದುಕೊಂಡು ಹೋಗಿ ಕೊಟ್ಟೆ. ಫಾರ್ಮಿನ ಮಾಂಸದ ಹಾಗೆ ಔಷಧಿ ಹೊಡೆದದ್ದಲ್ಲ, ಕಾಡಿನಲ್ಲಿ ಮೇಯ್ದದ್ದು, ಶುದ್ಧ ಎಂದು ಸಣ್ಣ ಭಾಷಣವನ್ನೂ ಮಾಡಿದೆ. ಗೌರಮ್ಮನವರು ಹೊಸ ಸ್ಟೀಲ್ ಪಾತ್ರೆಯಲ್ಲಿ, ಅಂಗಡಿಯ ಅರಿಸಿನ ಹಾಕಿ, ದಿನ ಬಿಟ್ಟು ದಿನ ಮಗುವಿಗೆ ಉಂಡೆ ಮಾಡಿ ತಿನ್ನಿಸಿದರು. ಮೂರು ತಿಂಗಳ ಮೇಲೆ ಮತ್ತೆ ರಕ್ತ ನೋಡಿದಾಗ ಅಂಕಿ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಅದರ ಮರುವಾರ ಗೌರಮ್ಮನವರು ಟಿಕೆಟ್ ಬದಲಾಯಿಸಿಕೊಂಡು ಎರಡು ತಿಂಗಳು ಮೊದಲೇ ಹೊರಟರು. “ನಾನಿದ್ರೆ ತಾನೆ ಇದೆಲ್ಲ” ಎಂದರಂತೆ. ವಿಮಾನ ನಿಲ್ದಾಣದಲ್ಲಿ ಮಗುವನ್ನು ದೂರದಿಂದಲೇ ನೋಡಿ ಕೈ ಮುಗಿದು ಒಳಗೆ ಹೋದರು.

ಅವರು ಹೋದ ಹದಿನೈದು ದಿನಕ್ಕೆ ಹ್ಯಾಂಕಿನ ನಾಯಿ ಒಂದು ಕಾಲುಚೀಲ ನುಂಗಿತು. ಪಶುವೈದ್ಯರು ಎಕ್ಸ್‌ರೇ ತೆಗೆದರು. ಹ್ಯಾಂಕ್ ಆಫೀಸಿನಲ್ಲಿ ಎಲ್ಲರಿಗೂ ಆ ಚಿತ್ರ ತೋರಿಸಿ ನಗಿಸುತ್ತಿದ್ದ. ಕಾಲುಚೀಲದ ಪಕ್ಕದಲ್ಲಿ ನಾಯಿಯ ಹೊಟ್ಟೆಯೊಳಗೆ ಗಸಗಸೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಇದೇನು ಎಂದೆ. ಸೀಸ, ಗುಂಡಿನ ಚೂರು, ಫ್ರಿಜ್ಜಿನಲ್ಲಿದ್ದ ಜಿಂಕೆಯ ತುಂಡು ತಿಂದಿತ್ತಲ್ಲ ಎಂದು ಅವನು ಅದೊಂದು ವಿಷಯವೇ ಅಲ್ಲ ಎಂಬಂತೆ ಹೇಳಿದ. ಅವತ್ತು ಸಂಜೆಯೇ ಫ್ರೀಜರಿನಿಂದ ಒಂದು ಚೀಲ ಕೈಮಾ ತೆಗೆದುಕೊಂಡು ಅದೇ ವೈದ್ಯರ ಹತ್ತಿರ ಹೋದೆ. ಅವರು ವಿಚಿತ್ರವಾಗಿ ನೋಡಿದರೂ ಪಾಪ ಎಕ್ಸ್‌ರೇ ತೆಗೆದುಕೊಟ್ಟರು. ನಾನು ತಾರೀಖು ಬರೆದಿದ್ದ ಆ ಚೀಲದೊಳಗೂ ಅದೇ ಗಸಗಸೆ.

ಸೀಸ ಮೆತ್ತನೆಯ ಲೋಹ. ಎಲುಬಿಗೆ ತಗುಲಿದರೆ ಪುಡಿಯಾಗಿ, ನಾವು ಕತ್ತರಿಸಿ ಎಸೆಯುವ ಅಂಗೈಯಗಲಕ್ಕಿಂತ ಬಹಳ ದೂರ ಹರಡಿಕೊಳ್ಳುತ್ತದೆ. ಕಣ್ಣಿಗೂ ಕಾಣದು, ನಾಲಿಗೆಗೂ ಸಿಗದು. ತಾಮ್ರದ ಗುಂಡು ಹಾಗಲ್ಲ, ಅದರ ಮೂತಿ ಎಸಳೆಸಳಾಗಿ ಬಿಚ್ಚಿಕೊಂಡರೂ ಗುಂಡು ಇಡಿಯಾಗಿಯೇ ಉಳಿಯುತ್ತದೆ. ಇದೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಆದ್ದರಿಂದ ಮೊದಲಿಗಿಂತ ಕಡಿಮೆ ತೂಕದ್ದನ್ನು ಆರಿಸಬೇಕು. ಒಂದೊಂದು ಕೋವಿಗೆ ಒಂದೊಂದು ಒಗ್ಗುತ್ತದೆ. ನಾನು ಮೂರು ಬಗೆ ತಂದು, ಗುರಿ ಅಭ್ಯಾಸದ ರೇಂಜಿನಲ್ಲಿ ಕೂತು, ಕಾಗದಕ್ಕೆ ಹೊಡೆದು ಹೊಡೆದು, ಕೋವಿಯ ಮೇಲಿನ ದುರ್ಬೀನು ಮತ್ತೆ ಹೊಂದಿಸಿ, ಎರಡನೆಯದನ್ನು ಆರಿಸಿದೆ. ಪ್ರಾಯಶ್ಚಿತ್ತದ ಹಾಗೆ ಮಾಡಿದೆ. ಪ್ರಾಯಶ್ಚಿತ್ತ ಅದಾಗಿರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಮಂಜುವಿಗೂ ಶ್ವೇತಾಳಿಗೂ ಮಾತ್ರ ಆ ಎಕ್ಸ್‌ರೇಯ ಮರುದಿನವೇ ಹೇಳಿದೆ. ಶ್ವೇತಾ ಎದ್ದು ಫ್ರೀಜರಿನಲ್ಲಿದ್ದ ಚೀಲಗಳನ್ನೆಲ್ಲ ಕಸಕ್ಕೆ ಹಾಕಿದಳು. ನನ್ನ ಮುಖ ನೋಡಲಿಲ್ಲ. ಮಾಂಸ ನಿಂತ ಮೇಲೆ ಅಂಕಿ ಮೆಲ್ಲಗೆ ಇಳಿಯಿತು. ಇಂಚರ ಚೆನ್ನಾಗಿದ್ದಾಳೆ, ಈಗ ಕಿಂಡರ್‌ಗಾರ್ಟನ್‌ಗೆ ಹೋಗುತ್ತಾಳೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಜಗಳವಾಡುತ್ತಾಳೆ. ಕೆಲವು ತಿಂಗಳ ಮೇಲೆ ಶ್ವೇತಾ ನನ್ನ ಜೊತೆ ಮೊದಲಿನಂತೆ ಮಾತಾಡಿದಳು. ಅವಳ ಮನಸ್ಸು ದೊಡ್ಡದು.

ಗೌರಮ್ಮನವರಿಗೆ ಹೇಳಬೇಕಲ್ಲ ಎಂದು ನಾನು ಆಗಲೇ ಕೇಳಿದ್ದೆ. ಮಂಜು ಬೇಡ ಎಂದ. “ತಿನ್ಸಿದ್ದು ಅಮ್ಮನೇ ಅಲ್ವಾ ಅಣ್ಣ, ತಮ್ಮ ಕೈಯಾರೆ. ಅದು ಗೊತ್ತಾದ್ರೆ ಇನ್ನೂ ಕುಗ್ಗೋಗ್ತಾರೆ. ಬಿಡಿ, ಟೈಮ್ ಆದ್ಮೇಲೆ ಮರೀತಾರೆ.” ನ್ಯಾಯವಾದ ಮಾತು ಅನ್ನಿಸಿತು. ನಿಮ್ಮ ಹತ್ತಿರ ಮುಚ್ಚಿಡುವುದೇನು, ಅದು ನ್ಯಾಯ ಅನ್ನಿಸಿದ್ದು ನನಗೆ ಅನುಕೂಲವಾಗಿದ್ದರಿಂದ. ಆ ಹೆಂಗಸಿನ ಎದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಜಿಂಕೆ ಹೊಡೆಯುವವನ ಧೈರ್ಯ ಇಷ್ಟೇ. ಹೀಗೆ ಮೂರು ವರ್ಷ ಕಳೆಯಿತು, ಪ್ರತಿ ನವೆಂಬರಿನಲ್ಲೂ ತಾಮ್ರ ಕೊಂಡೆ.

ಶ್ವೇತಾ ಈಗ ಮತ್ತೆ ಬಸುರಿ. ಹೋದ ವಾರ ಮಂಜು ಸಿಕ್ಕಿದಾಗ, “ಬಾಣಂತನಕ್ಕೆ ಅಮ್ಮನ್ನ ಕರೆದೆ ಅಣ್ಣ. ಬರಲ್ಲ ಅಂದ್ಬಿಟ್ರು. ನನ್ನ ಕೈ ಮಗೂಗೆ ತಾಗೋದು ಬೇಡ ಕಣೋ ಅಂತಾರೆ. ಇನ್ನೂ ಅದೇ ಹಿಡ್ಕೊಂಡು ಕೂತಿದಾರೆ ನೋಡಿ” ಎಂದು ನಕ್ಕ. ನಾನೂ ಜೊತೆಗೆ ನಕ್ಕೆ.

ಆದ್ದರಿಂದ ಅಂಗಡಿಯವನು ಯಾಕೆ ಎಂದು ಕೇಳಿದಾಗ ನಾನು ಒಂದು ನಿಮಿಷ ಎಂದು ಹೇಳಿ ಹೊರಗೆ ಬಂದೆ. ಕಾರಿನಲ್ಲಿ ಕೂತೆ. ಇಲ್ಲಿ ಬೆಳಗ್ಗೆ ಹತ್ತು ಗಂಟೆ, ಹಾಸನದಲ್ಲಿ ರಾತ್ರಿ ಊಟದ ಹೊತ್ತು. ಮಂಜುವನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಿದ್ದ, ನನಗೆ ಮತ್ತೆ ಅನುಕೂಲವಾಗುತ್ತಿತ್ತು. ನೇರವಾಗಿ ಅವನ ತಾಯಿಗೇ ಫೋನ್ ಮಾಡಿದೆ.

“ಏನಪ್ಪಾ, ಎಲ್ರೂ ಚೆನ್ನಾಗಿದಾರಾ? ಶ್ವೇತಾ ಹುಷಾರಾಗಿದಾಳಾ?” ಎಂದು ಗಾಬರಿಯಿಂದ ಕೇಳಿದರು ಗೌರಮ್ಮನವರು.

ಎಲ್ಲರೂ ಚೆನ್ನಾಗಿದ್ದಾರೆ ಎಂದು ಹೇಳಿ, ಒಂದೇ ಉಸಿರಿಗೆ ಶುರುಮಾಡಿದೆ. ಗುಂಡು, ಚೂರು, ನಾಯಿ, ಎಕ್ಸ್‌ರೇ, ಕೈಮಾ. “ನಿಮ್ಮ ಕಾಡಿಗೆ ಅಲ್ಲ ಅಮ್ಮ, ಪಾತ್ರೆ ಅಲ್ಲ, ನಿಮ್ಮ ಕೈ ಅಲ್ಲ. ನಾನು ತಂದುಕೊಟ್ಟ ಮಾಂಸ. ನನ್ನ ತಪ್ಪು. ಗೊತ್ತಾದ ದಿನವೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಆ ಕಡೆ ಟಿ.ವಿ.ಯ ಸದ್ದು ಕೇಳುತ್ತಿತ್ತು. ಅವರು ಅದನ್ನು ಆರಿಸಿದರು.

“ಯಾವಾಗ ಗೊತ್ತಾಯ್ತಪ್ಪಾ ನಿಮಗೆ?”

“ನೀವು ಹೊರಟ ಹದಿನೈದು ದಿನಕ್ಕೆ.”

“ಮಂಜುಗೂ ಗೊತ್ತಾ?”

ಗೊತ್ತು ಎಂದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇಲ್ಲಿ ಮಗಳ ಮಗು ಹುಟ್ಟಿ ಒಂದೂವರೆ ವರ್ಷ ಆಯ್ತು” ಎಂದರು ಕೊನೆಗೆ. “ಪಕ್ಕದ ಬೀದೀಲೇ ಇದಾರೆ. ಒಂದು ದಿನಾನೂ ಎಣ್ಣೆನೀರು ಹಾಕಿಲ್ಲಪ್ಪಾ ನಾನು. ಬೆನ್ನು ನೋವು ಅಂತ ಸುಳ್ಳು ಹೇಳ್ಕೊಂಡು ಬಂದೆ. ಮಗೂಗೆ ನೀರ್ ಹಾಕಕ್ಕೆ ಬೇರೆ ಹೆಂಗಸ್ನ ಗೊತ್ ಮಾಡ್ಕೊಂಡ್ರು.”

ಕಾರಿನ ಗಾಜಿನಾಚೆ ಯಾರೋ ಇಬ್ಬರು ಗುಂಡಿನ ಡಬ್ಬಿ ಹಿಡಿದು ನಗುತ್ತಾ ಹೋದರು. ಗೌರಮ್ಮನವರು ಇನ್ನೇನೂ ಕೇಳಲಿಲ್ಲ, ನನ್ನನ್ನು ಕ್ಷಮಿಸಿದೆ ಎಂದೂ ಹೇಳಲಿಲ್ಲ. ಫೋನ್ ಕಿವಿಯಿಂದ ದೂರ ಹೋದದ್ದು ಕೇಳಿಸಿತು, ಆಮೇಲೆ ಒಳಮನೆಯ ಕಡೆ ತಿರುಗಿ ಯಾರಿಗೋ ಅವರು ಗಟ್ಟಿಯಾಗಿ ಹೇಳುತ್ತಿದ್ದದ್ದು.

“ನಾಳೆ ಬೆಳಗ್ಗೆ ಬೇಗ ನೀರು ಕಾಯಕ್ಕಿಡಿ. ಮಗೂನ ಕರ್ಕೊಂಡ್ ಬರಕ್ಕೆ ಹೇಳಿ ಅವ್ಳಿಗೆ. ನಾನ್ ಹಾಕ್ತೀನಿ.”