ಹಲ್ಲಿಯ ಮೇಲೆ ನಡೆಸಿದ ಸಂಶೋಧನೆ

ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಫಿಫ್ತ್ ಫಾರಂ ಓದುತ್ತಿದ್ದಾಗ ನಮ್ಮ ಊರಿಗೆ ವಿಚಾರಶಕ್ತಿ ಬಂತು. ಅದಕ್ಕೆ ಸ್ವಲ್ಪ ಮುಂಚೆ ಕರೆಂಟು ಬಂದಿತ್ತು. ಎರಡೂ ಸುಮಾರಾಗಿ ಒಂದೇ ಥರ ಉರಿಯುತ್ತಿದ್ದವು, ಬೇಕಾದ ಹೊತ್ತಿಗೆ ಇರುತ್ತಿರಲಿಲ್ಲ. ವಿಚಾರಶಕ್ತಿಯನ್ನು ತಂದವರು ಹೊಸ ಹೆಡ್‌ಮಾಸ್ಟರು. ಮೈಸೂರಿನಲ್ಲಿ ಅದೇನೋ ತರಬೇತಿ ಮುಗಿಸಿಕೊಂಡು ಬಂದಿದ್ದ ಅವರು ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ, ಇನ್ನು ಶನಿವಾರಗಳಂದು ಆಯ್ದ ಮಕ್ಕಳಿಗೆ ‘ಸಂಶೋಧನೆ ಮತ್ತು ಸ್ವತಂತ್ರ ವಿಚಾರದ ವಿಶೇಷ ತರಗತಿ’ ನಡೆಯುತ್ತದೆ, ಯಾರೂ ಯಾವುದನ್ನೂ ಕಣ್ಣು ಮುಚ್ಚಿಕೊಂಡು ನಂಬಬಾರದು ಎಂದು ಅಪ್ಪಣೆ ಕೊಡಿಸಿದರು. ನಾವು ಕಣ್ಣು ಮುಚ್ಚಿಕೊಂಡು ನಂಬಿದೆವು.

ಆಯ್ದ ಮಕ್ಕಳಲ್ಲಿ ನಾನೂ ಒಬ್ಬಳು. ಹುಡುಗಿ ಎಂದರೆ ನಾನೊಬ್ಬಳೇ. ಸ್ವತಂತ್ರ ವಿಚಾರಕ್ಕೂ ನಿಯಮಗಳಿದ್ದವು. ಯಾವ ಪ್ರಶ್ನೆಯನ್ನಾದರೂ ಕೇಳಬಹುದು, ಆದರೆ ಹಿಂದಿನ ದಿನವೇ ಬರೆದು ಕೊಟ್ಟಿರಬೇಕು. ಉತ್ತರ ತಮಗೆ ಗೊತ್ತಿದ್ದರೆ ಹೆಡ್‌ಮಾಸ್ಟರು ಅದನ್ನು ಒಳ್ಳೆಯ ಪ್ರಶ್ನೆ ಎನ್ನುತ್ತಿದ್ದರು, ಗೊತ್ತಿಲ್ಲದಿದ್ದರೆ ಅಧಿಕಪ್ರಸಂಗ. ನಾನು ಮಾತ್ರ ಯಾಕೆ ಗೋಡೆ ಪಕ್ಕದ ಬೆಂಚಿನಲ್ಲಿ ಒಬ್ಬಳೇ ಕೂರಬೇಕು ಎಂದು ಕೇಳಿ ಮೊದಲನೆಯ ವಾರವೇ ಅಧಿಕಪ್ರಸಂಗಿಯಾದೆ. ಮುಂದಿನ ವಾರ ಮಳೆ ಹೇಗೆ ಬರುತ್ತದೆ ಎಂದು ಕೇಳಿ ಜಾಣೆಯಾದೆ.

ಆಮೇಲೆ ಪ್ರತಿಯೊಬ್ಬರೂ ಒಂದೊಂದು ಸಂಶೋಧನೆ ಮಾಡಬೇಕು ಎಂದಾಯಿತು. ಬೇಸಿಗೆ ರಜೆಗೆ ಮುಂಚೆ ಹಾಸನದಿಂದ ವಿದ್ಯಾ ಇಲಾಖೆಯ ಸಾಹೇಬರು ಬರುತ್ತಾರೆ, ಅವರ ಮುಂದೆ, ಅಪ್ಪಂದಿರ ಮುಂದೆ ಓದಬೇಕು. ಒಬ್ಬ ಹುಡುಗ ದೊಡ್ಡಗದ್ದವಳ್ಳಿಯ ದೇವಸ್ಥಾನವನ್ನು ಆರಿಸಿಕೊಂಡ. ಆ ಊರಿನಲ್ಲಿ ಅವನ ಸೋದರಮಾವನ ಮನೆಯಿತ್ತು, ಅತ್ತೆ ಒಳ್ಳೆಯ ಒಬ್ಬಟ್ಟು ಮಾಡುತ್ತಿದ್ದರು. ಸಂಶೋಧನೆಗೆ ಇದಕ್ಕಿಂತ ಗಟ್ಟಿಯಾದ ತಳಹದಿ ಬೇಕೆ? ನಾನು ಹಲ್ಲಿಯನ್ನು ಆರಿಸಿಕೊಂಡೆ. ಅದಕ್ಕೆ ಕಾರಣವಿತ್ತು.

ನಮ್ಮದು ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ಸೇರಿದ ಗೋಡೆಯ ಮೇಲೆ ಹಲ್ಲಿಗಳು. ಯಾರಾದರೂ ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ. ಕೇಳಿಸಿಕೊಂಡವರು ಬೆರಳಿನಿಂದ ನೆಲವನ್ನೋ ಹಲಗೆಯನ್ನೋ ಕುಟ್ಟಿ ದೇವರ ಹೆಸರು ಹೇಳಬೇಕು. ನಮ್ಮ ಮನೆಯಲ್ಲಿ ‘ಶಿವ ಶಿವ’, ಪಕ್ಕದ ಮನೆಯಲ್ಲಿ ‘ಕೃಷ್ಣ ಕೃಷ್ಣ’. ಹಲ್ಲಿ ಇಬ್ಬರನ್ನೂ ಸಮನಾಗಿ ಕಾಣುತ್ತಿತ್ತು, ಅಷ್ಟು ಮಟ್ಟಿಗೆ ಅದು ನಮಗಿಂತ ಮುಂದುವರಿದಿತ್ತು.

ಆ ವರ್ಷ ನಮ್ಮ ನೆಂಟರೊಬ್ಬರು ಚನ್ನರಾಯಪಟ್ಟಣದಿಂದ ನನಗೊಂದು ಸಂಬಂಧ ತಂದರು. ಜಗಲಿಯ ಮೇಲೆ ಕಾಲು ಚಾಚಿ ಕೂತು, “ಉಡುಗ ಅಪರಂಜಿ ಕಣಣ್ಣೋ. ಕೊಬ್ಬರಿ ಮಂಡಿ ಐತೆ, ಸ್ವಂತ ಮನೆ ಐತೆ. ಕೊಟ್ಬುಟ್ರೆ ನಿನ್ ಮಗಳು ರಾಣಿ ಅಂಗಿರ್ತಾಳೆ” ಎಂದರು. ಗೋಡೆಯ ಮೇಲೆ ಹಲ್ಲಿ ಲೊಚ ಲೊಚ ಎಂದಿತು.

“ನುಡೀತು ನೋಡ್ಲಾ! ಇನ್ನೇನ್ ಬೇಕು ನಿಂಗೆ?” ಎಂದು ನಮ್ಮಜ್ಜಿ, ಅಪ್ಪನ ತಾಯಿ, ನೆಲ ಕುಟ್ಟಿದರು. ಅಪ್ಪ ಕುಟ್ಟಿದರು. ನೆಂಟರು ಎರಡು ಸಲ ಕುಟ್ಟಿದರು. ನನ್ನ ಮದುವೆ ಅಲ್ಲಿಗೆ ನಿಶ್ಚಯವಾದಂತೆಯೇ. ಹುಡುಗನನ್ನು ನಾನು ನೋಡಿರಲಿಲ್ಲ, ಹಲ್ಲಿಯೂ ನೋಡಿರಲಿಲ್ಲ.

ಅಪ್ಪ ನನ್ನನ್ನು ಕರೆದು, “ಈ ವರ್ಸ ಮುಗೀಲಿ ಕಣವ್ವ. ಸಾಹೇಬ್ರು ಬತ್ತಾರಂತಲ್ಲ, ಅದೊಂದ್ನ ನೋಡ್ಬುಡಾನ. ಆಮ್ಯಾಕೆ ಲಗ್ನ” ಎಂದರು. ಇಷ್ಟು ಹೊತ್ತು ನಗಾಡಿಕೊಂಡು ಹೇಳುತ್ತಿದ್ದೇನೆ, ಆಗ ನನಗೆ ನಗು ಬಂದಿರಲಿಲ್ಲ. ನನಗೆ ಮುಂದಿನ ವರ್ಷ ಸಿಕ್ಸ್ತ್ ಫಾರಂ ಓದಿ ಎಸ್.ಎಸ್.ಎಲ್.ಸಿ. ಮುಗಿಸಬೇಕಿತ್ತು, ಹಾಸನಕ್ಕೆ ಹೋಗಿ ಪಿ.ಯು.ಸಿ. ಓದಬೇಕಿತ್ತು. ಬಹಳ ಹೆದರಿಕೆಯಾಗಿತ್ತು. ಆ ಹಲ್ಲಿಯ ಮಾತು ಸುಳ್ಳೆಂದು ತೋರಿಸಿದರೆ ಮದುವೆ ನಿಂತೀತು ಎಂದು ಯೋಚಿಸಿದೆ. ಹೆಡ್‌ಮಾಸ್ಟರ ತರಗತಿಯಲ್ಲಿ ಹುಟ್ಟಿದ ಸ್ವತಂತ್ರ ವಿಚಾರ ಬಹುಶಃ ಅದೊಂದೇ, ಅದನ್ನು ನಾನು ಅವರಿಗೆ ಹೇಳಲಿಲ್ಲ.

ಅವರಿಗೆ ವಿಷಯ ಮಾತ್ರ ಹೇಳಿದೆ. “ಭೇಷ್! ಮೂಢನಂಬಿಕೆಯ ಬುಡಕ್ಕೇ ಕೊಡಲಿ ಹಾಕು!” ಎಂದು ಮೇಜು ಗುದ್ದಿದರು.

ಸಂಜೆಯ ಹೊತ್ತು ಅಂಗಡಿಯಲ್ಲಿ ಮೂಟೆಯೊಂದರ ಮೇಲೆ ಕೂತು, ಹಲ್ಲಿ ಯಾವ ಮಾತಿಗೆ ನುಡಿಯಿತು, ಆ ಮಾತು ಏನಾಯಿತು ಎಂದು ಬರೆದುಕೊಳ್ಳತೊಡಗಿದೆ. ಅಜ್ಜಿ ನಾಳೆ ಮಳೆ ಎಂದರು, ಹಲ್ಲಿ ನುಡಿಯಿತು, ಬಿಸಿಲು ಸುಟ್ಟು ಹಾಕಿತು. ನೆಂಟರು ಬರುತ್ತಾರೆ ಎಂದರು, ನುಡಿಯಿತು, ಬಂದರು. ಅದನ್ನೂ ಬರೆದೆ, ನಮ್ಮ ಮನೆಗೆ ನೆಂಟರು ಬರದ ದಿನವೇ ಇರಲಿಲ್ಲ ಎಂದೂ ಪಕ್ಕದಲ್ಲಿ ಬರೆದೆ. ಒಂದು ಸಂಜೆ ಅಪ್ಪ ಗಿರಾಕಿಯೊಬ್ಬನಿಗೆ, “ಅರಕಲಗೂಡಿನ ಆಲೆಮನೆಯಿಂದ ಮೊನ್ನೆ ಬಂದ ಬೆಲ್ಲ ಕಣಣ್ಣ, ಇನ್ನೂ ಬಿಸಿ ಆರಿಲ್ಲ” ಎಂದರು. ಹಲ್ಲಿ ನುಡಿಯಿತು. ಗಿರಾಕಿ ಭಕ್ತಿಯಿಂದ ಹಲಗೆ ಕುಟ್ಟಿ ಬೆಲ್ಲ ತೆಗೆದುಕೊಂಡು ಹೋದ. ಆ ಬೆಲ್ಲ ಹಿಂದಿನ ಯುಗಾದಿಯಿಂದ ನಮ್ಮ ಅಂಗಡಿಯಲ್ಲೇ ವಾಸವಾಗಿತ್ತು.

ನಾನು ಬರೆದುಕೊಳ್ಳುವುದನ್ನು ನೋಡಿ ಅಪ್ಪನಿಗೆ ಕಸಿವಿಸಿಯಾಯಿತು. “ಅದ್ಯಾಕವ್ವಾ ಬರ್ಕತೀಯ? ಅದು ಯಾಪಾರದ ಮಾತು” ಎಂದರು.

ಸಾಹೇಬರು ಬಂದ ದಿನ ಸ್ಕೂಲಿನ ಹಾಲಿಗೆ ತೋರಣ ಕಟ್ಟಿದ್ದರು. ಅವರು ಹಾರ ಹಾಕಿಸಿಕೊಂಡು, ದೊಡ್ಡಗದ್ದವಳ್ಳಿಯ ದೇವಸ್ಥಾನದ ಸಂಶೋಧನೆ ಮುಗಿಯುವ ಹೊತ್ತಿಗೆ ಅರ್ಧ ನಿದ್ದೆಗೆ ಜಾರಿದ್ದರು. ಅಪ್ಪ ಮುಂದಿನ ಸಾಲಿನಲ್ಲಿ ಮಡಿಪಂಚೆ ಉಟ್ಟು ಕೂತಿದ್ದರು. ಬೆಲ್ಲದ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಓದಿದೆ. ಕೊನೆಗೆ, “ಆದ್ದರಿಂದ ಹಲ್ಲಿಯ ನುಡಿಯನ್ನು ನಂಬಲು ಯಾವ ಆಧಾರವೂ ಇಲ್ಲ” ಎಂದೆ.

ಗೋಡೆಗೆ ಹಾಕಿದ್ದ ಪಟದ ಹಿಂದಿನಿಂದ ಹಲ್ಲಿ ಲೊಚ ಲೊಚ ಎಂದಿತು.

ಹಾಲೆಲ್ಲ ಕುಟ್ಟಿತು. ಅಪ್ಪ ಬೆಂಚು ಕುಟ್ಟಿದರು, ಮೇಷ್ಟರುಗಳು ಕುರ್ಚಿ ಕುಟ್ಟಿದರು. ಸಾಹೇಬರು ಕಣ್ಣು ಬಿಡದೆಯೇ ಬೆರಳಾಡಿಸಿ ಕೃಷ್ಣ ಕೃಷ್ಣ ಎಂದರು. ಮೂಢನಂಬಿಕೆಯ ಬುಡಕ್ಕೆ ಕೊಡಲಿ ಹಾಕುವ ನಮ್ಮ ಹೆಡ್‌ಮಾಸ್ಟರು ಮೇಜಿನ ಮೇಲೆ ಟಕಟಕ ಕುಟ್ಟಿ, ಆಮೇಲೆ ತಮ್ಮ ಬೆರಳನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡರು. ಹುಡುಗರು ಹೋ ಎಂದು ನಕ್ಕರು. ನಾನು ಕಣ್ಣೀರು ನುಂಗಿಕೊಂಡು ಕೂತೆ. ಬಹುಮಾನ ದೇವಸ್ಥಾನಕ್ಕೆ, ಅರ್ಥಾತ್ ಒಬ್ಬಟ್ಟಿಗೆ, ಹೋಯಿತು.

ಮನೆಯ ದಾರಿಯಲ್ಲಿ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದರು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಜಗಲಿಯಲ್ಲಿ ಕೂತಿದ್ದ ಅಜ್ಜಿಗೆ ಅಪ್ಪ ನಡೆದದ್ದನ್ನೆಲ್ಲ ಹೇಳಿದರು. ಅಜ್ಜಿ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು.

“ಯಾವ ಮಾತಿಗ್ಲಾ ನುಡೀತು?”

“ಹಲ್ಲಿ ನುಡೀನ ನಂಬಕ್ಕಿಲ್ಲ ಅಂದ್ಲು ಕಣವ್ವ. ಆ ಮಾತಿಗೆ ಸರ್ಯಾಗಿ ನುಡೀತು. ಸಾಹೇಬ್ರೇ ಕುಟ್ಬುಟ್ರು.”

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಂಗಳಕ್ಕೆ ಉಗಿದರು. “ಅಂಗಾದ್ರೆ ಅದೇ ಒಪ್ಕಂಡಂಗಾಯ್ತಲ್ಲಾ. ನನ್ ಮಾತು ನಂಬಬ್ಯಾಡಿ ಅಂತ ಅದೇ ಯೋಳಿದ್ ಮ್ಯಾಕೆ ಚನ್ನರಾಯಪಟ್ಣದ ಮಾತ್ನೂ ನಂಬಂಗಿಲ್ಲ. ಬ್ಯಾಡ ಬುಡು. ಮಗ ಓದ್ಕಳ್ಳಿ.”

ಅಪ್ಪ ನಿಟ್ಟುಸಿರು ಬಿಟ್ಟು, “ನಂಗೂ ಅಂಗೇ ಅನ್ನುಸ್ತು ಕಣವ್ವ” ಎಂದರು.

ನಾನು ಬಾಯಿ ತೆರೆದೆ. ಒಂದಿಡೀ ವರ್ಷ ಶನಿವಾರದ ಆಟ ಬಿಟ್ಟು ಕಲಿತದ್ದೇ ಇಂಥ ಮಾತಿನಲ್ಲಿ ತೂತು ಹುಡುಕುವುದನ್ನು. ಹಲ್ಲಿಯ ಮಾತನ್ನು ನಂಬಬಾರದು ಎಂದಾದರೆ, ನಂಬಬೇಡಿ ಎಂದು ಅದು ಹೇಳಿದ್ದನ್ನು ಮಾತ್ರ ಹೇಗೆ ನಂಬುವುದು? ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಒಳಬಾಗಿಲಲ್ಲಿ ನಿಂತಿದ್ದ ನಮ್ಮವ್ವ ನನ್ನನ್ನು ನೋಡಿ ಕಣ್ಣಲ್ಲೇ ಗದರಿದಳು.

ನಾನು ಬಾಯಿ ಮುಚ್ಚಿಕೊಂಡು, ಬಗ್ಗಿ, ಸ್ಕೂಲಿನಲ್ಲಿ ಕುಟ್ಟಿದವರೆಲ್ಲರಿಗಿಂತ ಗಟ್ಟಿಯಾಗಿ ನೆಲ ಕುಟ್ಟಿ, ಶಿವ ಶಿವ ಎಂದೆ. ಬೇಸಿಗೆ ರಜೆ ಮುಗಿದ ಮೇಲೆ ಸಿಕ್ಸ್ತ್ ಫಾರಂಗೆ ಹೋದೆ.